ಅಣ್ಣನ ಜಾರ್ಜ್‌ಟೌನ್

ವೈನಿ, ಅಣ್ಣ ತೀರಿಕೊಂಡ ಸುದ್ದಿ ನನ್ನ ಮಗಳು ಸವಿತಾಳ ಮದುವೆಗೆ ಮೊದಲೇ ನನಗೆ ಬಂದಿತ್ತು. ಮದುವೆ ಮುಗಿದ ಮೇಲೆ ಬಂತು ಎಂದು ನಿಮಗೆ ಹೇಳಿದ್ದು ಸುಳ್ಳು. ಅಲ್ಲೇ ಮಣ್ಣು ಮಾಡಿಬಿಡಿ ಎಂದದ್ದು ಹಡಗಿನ ಕಂಪನಿಯವರಲ್ಲ — ನಾನು.

ಅರಿಶಿಣದ ಹಿಂದಿನ ದಿನ ಅದು. ಸೂಪರ್ ಮಾರ್ಕೆಟ್ ಪೇಟೆಯ ಅಂಗಡಿಯೊಂದರಲ್ಲಿ ಬೀಗರಿಗೆ ಸೀರೆ ಆರಿಸುತ್ತಿದ್ದೆವು. ಬಣ್ಣ ಸರಿಯಿಲ್ಲವೆಂದು ನೀವು ಅಂಗಡಿಯವನ ಜೊತೆ ಜಗಳಕ್ಕೆ ನಿಂತಿದ್ದಿರಿ. ಫೋನ್ ಬಂತು. ಹೊರಗೆ ಆಟೋಗಳ ಗದ್ದಲದಲ್ಲಿ ನಿಂತು ಕೇಳಿಸಿಕೊಂಡೆ. ಅಣ್ಣನನ್ನು ಕೆಲಸಕ್ಕೆ ಕಳಿಸಿದ್ದ ಮುಂಬೈನ ಏಜೆಂಟ್. ಜಾರ್ಜ್‌ಟೌನ್ ಬಂದರಿನಲ್ಲಿ ನಿಂತಿದ್ದ ಹಡಗಿನ ಅಡುಗೆಮನೆಗೆ ಬೆಂಕಿ ಹತ್ತಿ, ಅಡುಗೆಯವನಾಗಿದ್ದ ಅಣ್ಣ ಹೋಗಿಬಿಟ್ಟಿದ್ದ. ದೇಹವನ್ನು ಊರಿಗೆ ಕಳಿಸಬೇಕೋ, ಅಲ್ಲೇ ಮಣ್ಣು ಮಾಡಬೇಕೋ, ಹೆಂಡತಿಯನ್ನು ಕೇಳಿ ಹೇಳಿ ಎಂದ.

ನೀವು ಗಾಜಿನ ಬಾಗಿಲಿನಾಚೆಗೇ ಇದ್ದಿರಿ. ಕರೆದಿದ್ದರೆ ಬರುತ್ತಿದ್ದಿರಿ. ಸ್ವಲ್ಪ ಹೊತ್ತು ಬಿಟ್ಟು ನಾನೇ ಏಜೆಂಟನಿಗೆ ಫೋನ್ ಮಾಡಿ, ‘ಕೇಳಿದ್ದೇನೆ, ಅಲ್ಲೇ ಆಗಲಿ ಅಂದಿದ್ದಾರೆ’ ಎಂದುಬಿಟ್ಟೆ.

ಸವಿತಾಳಿಗೆ ಕೂಡಿದ್ದ ಸಂಬಂಧ ಅದಾಗಲೇ ಒಮ್ಮೆ ಮುರಿದಿತ್ತು. ಸಾವಾದ ಮನೆ ಎಂದು ಈ ಬೀಗರೂ ಹಿಂದೆ ಸರಿದರೆ — ತಲೆಯಲ್ಲಿ ಅದೊಂದೇ ಇತ್ತು. ನಾಲ್ಕು ದಿನ ತಡೆಯಿರಿ ಎಂದು ಏಜೆಂಟನನ್ನು ಕೇಳಬಹುದಿತ್ತು. ಕೇಳಲಿಲ್ಲ. ನಿಮಗೆ ಹೇಳಿದ್ದರೆ, ಎದೆ ಕಲ್ಲು ಮಾಡಿಕೊಂಡು ನೀವೇ ಮದುವೆ ನಡೆಸು ಅನ್ನುತ್ತಿದ್ದಿರೋ ಏನೋ... ಅದನ್ನೂ ಕೇಳಲಿಲ್ಲ.

ಸಂಜೆ ಕಮಲಾಪುರದ ನಿಮ್ಮ ಪಕ್ಕದ ಮನೆಯಾಕೆ ಮೊಬೈಲ್‌ನಲ್ಲಿ ಸುದ್ದಿ ನೋಡಿ ನಿಮಗೆ ಫೋನ್ ಮಾಡಿದಳು. ಮದುವೆಗೆಂದು ನಮ್ಮ ಮನೆಯಲ್ಲೇ ಇದ್ದ ನೀವು ನನ್ನ ಹತ್ತಿರ ಓಡಿ ಬಂದಿರಿ.

“ಮಾಸ್ತರ, ಜಾರ್ಜ್‌ಟೌನ್‌ದಾಗ ಯಾವ್ದೋ ಹಡಗಿಗಿ ಬೆಂಕಿ ಹತ್ಯಾದಂತ. ಇವ್ರೂ ಅಲ್ಲೇ ಹೊಂಟೀನಿ ಅಂದಿದ್ರು!”

ಮಾಸ್ತರನೇ ಹೌದು ನಾನು, ಅದೂ ಭೂಗೋಳದ ಮಾಸ್ತರ. ಕಪಾಟಿನಿಂದ ಅಟ್ಲಾಸ್ ತೆಗೆದು ನಿಮ್ಮ ಮುಂದೆ ಹರವಿದೆ.

“ವೈನಿ, ಆ ಹೆಸರಿನ ಬಂದರ ಒಂದಽ ಅಲ್ರೀ. ಬೆಂಕಿ ಹತ್ತಿದ್ದು ಇಲ್ಲಿ, ದಕ್ಷಿಣ ಅಮೆರಿಕಾದಾಗ. ಅಣ್ಣ ಇರೋದು ಇಲ್ನೋಡ್ರಿ, ಮಲೇಷ್ಯಾದ ಜಾರ್ಜ್‌ಟೌನ್. ಇನ್ನೂ ಬ್ಯಾರೆ ಅದಾವ.”

ಊರುಗಳೆಲ್ಲ ನಿಜವಾಗಿಯೂ ಅಲ್ಲಲ್ಲೇ ಇದ್ದವು. ಅಣ್ಣನನ್ನು ಮಾತ್ರ ನಾನು ಒಂದು ಸಮುದ್ರದಿಂದ ಇನ್ನೊಂದಕ್ಕೆ ಎತ್ತಿಟ್ಟಿದ್ದೆ. ನೀವು ಎದೆಯ ಮೇಲೆ ಕೈ ಇಟ್ಟುಕೊಂಡು ನಕ್ಕಿರಿ. “ಮನ್ಯಾಗ ಓದಿದವ್ರು ಒಬ್ರು ಇರ್ಬೇಕ್ ನೋಡ್ರಿ” ಅಂದಿರಿ.

ಮರುದಿನ ಮನೆಯ ಹಿರಿಯ ಮುತ್ತೈದೆ ಎಂದು ಸವಿತಾಳ ಕೆನ್ನೆಗೆ ಮೊದಲ ಅರಿಶಿಣ ಹಚ್ಚಿದವರು ನೀವು. ನಾನು ನೋಡಲಾರದೆ ಅಡುಗೆಯವರನ್ನು ವಿಚಾರಿಸುವ ನೆಪದಲ್ಲಿ ಹಿತ್ತಲಿಗೆ ಹೋದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು — ಆ ಗಾದೆಯ ಮರೆಯಲ್ಲಿ ಅಡಗಲು ಎಷ್ಟೋ ದಿನ ನೋಡಿದೆ. ಅಡಗಲಾಗಲಿಲ್ಲ.

ಮದುವೆ ಮುಗಿದ ಮೇಲೆ ಸುದ್ದಿ ಹೇಳಿದಾಗ ನೀವು ಅಳಲೇ ಇಲ್ಲ. “ಅದು ಬ್ಯಾರೆ ಜಾರ್ಜ್‌ಟೌನ್ ಅಲ್ರೀ? ನೀವಽ ತೋರ್ಸೀರಿ. ಮುಖ ನೋಡ್ದೆ ನಾ ಹ್ಯಾಂಗ ನಂಬ್ಲಿ?” ಅಂದಿರಿ. ಆಗಲೂ ನಾನು ಬಾಯಿ ಬಿಡಲಿಲ್ಲ.

ಇಷ್ಟು ವರ್ಷವಾದರೂ ನಿಮ್ಮ ಕೈಯಲ್ಲಿ ಹಸಿರು ಬಳೆ ಇದೆ, ಹಣೆಯಲ್ಲಿ ಕುಂಕುಮ ಇದೆ. ಕಮಲಾಪುರದಲ್ಲಿ ನಿಮ್ಮನ್ನು ಯಾರೂ ಉಡಿ ತುಂಬಲು ಕರೆಯುವುದಿಲ್ಲ. ಪಾಪ, ತಲೆ ಕೆಟ್ಟಿದೆ ಅನ್ನುತ್ತಾರೆ, ನಾನು ಎದುರಿಗಿದ್ದಾಗಲೂ. ನಾನು ಬಂದಾಗಲೆಲ್ಲ ನೀವು ಚಹಾ ಕೊಟ್ಟು, ಆ ಹೆಸರಿನ ಊರು ಇನ್ನೆಲ್ಲೆಲ್ಲಿ ಇವೆ ಎಂದು ಕೇಳುತ್ತೀರಿ. ನಾನು ಹೇಳುತ್ತೇನೆ — ಇಂಥ ಪಾಪಿ ನಾನು — ಹೊಸದೊಂದು ನೆನಪಿಸಿಕೊಂಡು ಹೇಳುತ್ತೇನೆ. ನಿಮ್ಮ ಮುಖ ಅರಳುತ್ತದೆ.

ನಾಳೆ ಕಮಲಾಪುರಕ್ಕೆ ಬರುತ್ತೇನೆ, ಈ ಸಲ ಎಲ್ಲವನ್ನೂ ಹೇಳಲು. ಆ ಬಳೆ, ಆ ಕುಂಕುಮ, ಬಾಗಿಲ ಕಡೆ ನೋಡುವ ಆ ನೋಟ — ಎಲ್ಲ ಏನಾಗುತ್ತದೋ ಗೊತ್ತಿಲ್ಲ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಜಾರ್ಜ್‌ಟೌನ್‌ಗಳು ಎಷ್ಟೇ ಇರಲಿ, ಅಣ್ಣನ ಮಣ್ಣಾದದ್ದು ಒಂದರಲ್ಲೇ. ಅದು ಯಾವುದೆಂದು ನನಗೆ ಅವತ್ತೇ ಗೊತ್ತಿತ್ತು.

ಅವನು ಮನೆಗೆ ಬರಬಹುದಿತ್ತು, ವೈನಿ. ನಾನು ಬೇಡ ಅಂದೆ.