ಬೋರಲು ಹಿಡಿದರೂ ಬೀಳದ ಡ್ರಿಲ್ ಬಿಟ್‌ಗಳು

ಮಿತ್ರರೇ, ಇಂದು ಅಕ್ಕಿಆಲೂರಿನ ನಮ್ಮ ಮನೆಗೆ ಬಂದವರಿಗೆಲ್ಲ ಧನ್ಯವಾದ. ನಿಮ್ಮ ಅನುಕಂಪವನ್ನು ಮಾತ್ರ ಸ್ವೀಕರಿಸಲಾರೆ. ಇಂದು ನಾನೊಂದು ವಾದ ಗೆದ್ದಿದ್ದೇನೆ.

ಪ್ರತಿವಾದಿ ನನ್ನ ಮಗಳು ಸುಮಾ. ಬಡಿಗತನದ ಅಂಗಡಿ ನಡೆಸುತ್ತಿದ್ದ ಆಕೆ ತೂತು ಕೊರೆಯುವ ಡ್ರಿಲ್ ಬಿಟ್‌ಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಸುರಿದಿಟ್ಟು, ಹುಡುಕುವಾಗೆಲ್ಲ ಬೆರಳು ಕೊಯ್ದುಕೊಳ್ಳುತ್ತಿದ್ದಳು. ಕಿಸೆಯಲ್ಲಿ ಹಿಡಿಸುವ, ಕೈ ಕೊಯ್ಯದ ಪೆಟ್ಟಿಗೆ ಸಾಧ್ಯವೆಂಬುದು ನನ್ನ ವಾದ.

"ಕಾಲೇಜಿನ್ಯಾಗ ಭಾಷಣಕ್ಕ ಕಪ್ ಗೆದ್ದೀರಂತ ಕಟಿಗಿ ನಿಮ್ಮ ಮಾತು ಕೇಳೂದಿಲ್ರಿ ಅಪ್ಪಾ. ಮಾಡಿ ತೋರಸ್ರಿ," ಎನ್ನುತ್ತಿದ್ದಳು.

ಆಕೆ ತೀರಿಕೊಂಡ ಮೇಲೆ ಮಾಡಲು ಕುಳಿತೆ. ಸಾಗವಾನಿಯ ತುಂಡಿಗೆ ಸಾಲಾಗಿ ತೂತು ಕೊರೆದೆ, ಒಳಗೆ ಸೈಕಲ್ ಟ್ಯೂಬಿನ ರಬ್ಬರ್ ಕೂರಿಸಿದೆ, ಬಿಟ್‌ಗಳ ಹರಿತವಾದ ತುದಿಗಳನ್ನೆಲ್ಲ ಕೆಳಮುಖ ಮಾಡಿ ಅದರಲ್ಲಿ ನಿಲ್ಲಿಸಿದೆ, ಮೇಲೊಂದು ಮುಚ್ಚಳ ಹಾಕಿದೆ.

ಆಕೆಯ ಜೊತೆ ಕೆಲಸ ಮಾಡುತ್ತಿದ್ದ ರಫೀಕ್ ಇಂದು ಎಲ್ಲರೆದುರು ಆ ಪೆಟ್ಟಿಗೆಯ ಮುಚ್ಚಳ ತೆಗೆದು, ಬೋರಲು ಹಿಡಿದು ಜಾಡಿಸಿದ. ಒಂದು ಬಿಟ್ ಕೂಡ ಬೀಳಲಿಲ್ಲ. "ಗೆದ್ರಿ ಬಿಡ್ರಿ, ಕಾಕಾ," ಎಂದು ಮುಚ್ಚಿ ಅಂಗಿಯ ಕಿಸೆಗೆ ಇಳಿಸಿಕೊಂಡ.

ನನ್ನ ಅಕ್ಕ ಕಣ್ಣೊರೆಸಿಕೊಂಡಳು. "ಅದನ್ನ ಸುಮಾನ ಫೋಟೋದ ಮುಂದ ಇಡೋ. ದಿನಾ ಹೂವು ಏರಸೋಣು."

"ಹೂವಿನ ನೀರಿಗೆ ಬಿಟ್ ತುಕ್ಕು ಹಿಡಿತಾವ, ಅಕ್ಕಾ."

"ನಿನ್ನ ಕೂಡ ವಾದ ಮಾಡಾಕ ಅಕಿ ಒಬ್ಬಾಕಿನ ಸರಿ ಇದ್ಲು ನೋಡು," ಎಂದಳು.

ಅಷ್ಟರಲ್ಲಿ ನಾನೊಂದು ನಿರ್ಧಾರ ಮಾಡಿದ್ದೆ. ಯಾರನ್ನೂ ಕೇಳದೆ ನಾನೊಬ್ಬನೇ ಮಾಡಿದ್ದು. ಆಕೆ ಹೋದಂದಿನಿಂದ ಮುಚ್ಚಿರುವ ಅಂಗಡಿಯ ಶಟರನ್ನು ನಾಳೆ ಬೆಳಿಗ್ಗೆ ಎತ್ತುತ್ತೇನೆ. ಪೆಟ್ಟಿಗೆ ರಫೀಕನ ಕಿಸೆಯಲ್ಲೇ ಇರುತ್ತದೆ. ತೊಳೆದಿಟ್ಟ ಆಕೆಯ ಆ ಡಬ್ಬಿಯಲ್ಲಿ ಇನ್ನು ಬಿಸ್ಕತ್ತೇ ಇರುತ್ತದೆ. ಅಂಗಡಿಗೆ ಬಂದವರು ಸಾಂತ್ವನ ಹೇಳುವ ಬದಲು ಅದನ್ನು ತಿನ್ನತಕ್ಕದ್ದು.