ರಬ್ಬರ್ ರಾಕ್ಷಸನ ಒಳಗಿದ್ದವನು

ಆ ಸಿನಿಮಾಗಳನ್ನು ನೋಡಿ ನಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ವೀರ ಎತ್ತಿ ಎಸೆದ ಬಂಡೆ ನೆಲಕ್ಕೆ ಬಿದ್ದು ಚೆಂಡಿನಂತೆ ಪುಟಿಯುತ್ತದೆ, ನಿಜ. ಗ್ರೀಕ್ ರಾಜನ ಮುಂಗೈಯಲ್ಲಿ ಗಡಿಯಾರ ಬಿಚ್ಚಿಟ್ಟ ಬಿಳಿ ಗುರುತು ಕಾಣುತ್ತದೆ, ಅದೂ ನಿಜ. ಏಳು ತಲೆಯ ಹಾವಿಗೆ ಮೂರು ತಲೆ ಆಡಿಸುವಷ್ಟು ತಂತಿ ಸಿಕ್ಕಿತ್ತು, ಉಳಿದ ತಲೆಗಳು ಯುದ್ಧ ಮುಗಿಯುವವರೆಗೂ ನಿದ್ದೆ ಹೊಡೆದವು. ಎಲ್ಲ ಒಪ್ಪಿದೆ. ಆದರೆ ಆ ಹಾವಿನ ಹೊಟ್ಟೆಯನ್ನು ಹೊಲಿದವಳು ನಾನು. ಅದರೊಳಗೆ ಕೂತು ಬೆವರಿದವನು ನಜ್ಜರೇನೊ. ನಗುವವರು ಅವನನ್ನೊಮ್ಮೆ ನೋಡಿ ಆಮೇಲೆ ನಗಲಿ.

ನಜ್ಜರೇನೊ ರೋಮಿನ ಟೆಸ್ಟಾಚೊ ಕಸಾಯಿಖಾನೆಯಲ್ಲಿ ಮಾಂಸ ಹೊರುತ್ತಿದ್ದವನು. ಅರ್ಧ ಎತ್ತನ್ನು ಹೆಗಲ ಮೇಲೆ ಹಾಕಿಕೊಂಡು ಸಿಳ್ಳೆ ಹಾಕುತ್ತ ನಡೆಯುತ್ತಿದ್ದ. ಅಷ್ಟು ದೊಡ್ಡ ದೇಹದಲ್ಲಿ ದೇವರು ಧೈರ್ಯ ತುಂಬುವುದನ್ನೇ ಮರೆತಿದ್ದ. ಹೆಣ್ಣು ಎದುರು ಬಂದರೆ ಟೋಪಿ ತೆಗೆದು ಗೋಡೆಗೆ ಅಂಟಿಕೊಳ್ಳುತ್ತಿದ್ದ. "ನನ್ನ ಮೈಯಿಂದ ರಕ್ತದ ವಾಸನೆ ಬರತ್ತೆ ಸೆತ್ತಿಮಿಯಾ, ಎಷ್ಟು ಸೋಪು ಹಚ್ಚಿದ್ರೂ ಹೋಗಲ್ಲ," ಎನ್ನುತ್ತಿದ್ದ. "ಹೋಗೋ ಮಂಕೇ, ನಮ್ಮ ಬೀದೀಲಿ ಯಾರ ಮೈಯಿಂದ ಗುಲಾಬಿ ವಾಸನೆ ಬರತ್ತೆ?" ಎಂದು ನಾನು ಬೈಯುತ್ತಿದ್ದೆ. ಇಬ್ಬರೂ ಒಂದೇ ವಠಾರದವರು, ಆ ಸಲುಗೆ ಇತ್ತು.

ಅರವತ್ತರ ಆಸುಪಾಸಿನಲ್ಲಿ ರೋಮಿನಲ್ಲಿ ಎತ್ತ ನೋಡಿದರೂ ಕತ್ತಿ, ಚಪ್ಪಲಿ, ತೊಡೆ ಕಾಣುವ ಪುರಾಣದ ಸಿನಿಮಾಗಳೇ. ನಮ್ಮ ಡೈರೆಕ್ಟರ್ ಪಲ್ಲೊತ್ತಾ ಒಂದು ಸಿನಿಮಾದ ಅರಮನೆ ಕೆಡವುವ ಮೊದಲೇ ಅದರಲ್ಲಿ ಇನ್ನೊಂದನ್ನು ತೆಗೆದು ಮುಗಿಸುತ್ತಿದ್ದ. ರಾಕ್ಷಸನ ಒಳಗೆ ಸೆಕೆ ತಡೆಯಲು ಗಟ್ಟಿ ಆಳು ಬೇಕೆಂದಾಗ ನಾನೇ ನಜ್ಜರೇನೊನನ್ನು ಕರೆದುಕೊಂಡು ಹೋದೆ. ಅವನು ಅದನ್ನು ಪೂಜೆಯಂತೆ ಮಾಡಿದ. ಗೂಳಿ ಮೋರೆಯ ರಾಕ್ಷಸನಾಗಬೇಕಿದ್ದಾಗ, ಸಾಯುವ ಮೊದಲು ಎತ್ತು ಹೇಗೆ ಉಸಿರು ಬಿಡುತ್ತದೆ ಎಂದು ನನಗೆ ಮಾಡಿ ತೋರಿಸಿದ. ಹಿಟ್ಟಿನಲ್ಲಿ ಅಂಟಿಸಿದ ಕೊಂಬು ಪಕ್ಕಕ್ಕೆ ವಾಲಿದ್ದರೂ ಆ ಉಸಿರು ಮಾತ್ರ ಸುಳ್ಳಾಗಿರಲಿಲ್ಲ.

ಆಮೇಲೆ ಬಂತು ಹಲ್ಲಿ ರಾಕ್ಷಸನ ಸಿನಿಮಾ. ಹಸಿರು ರಬ್ಬರು, ಒಳಗೆ ಹಾಸಿಗೆಯ ಸ್ಪಂಜು. ಬೆನ್ನಿನ ಜಿಪ್ಪು ಮೊದಲ ದಿನವೇ ಹರಿದುಹೋಯಿತು. ಅಂದಿನಿಂದ ಬೆಳಿಗ್ಗೆ ಅವನನ್ನು ಒಳಗಿಟ್ಟು ಹೊಲಿಯುವುದು, ಸಂಜೆ ಬಿಚ್ಚುವುದು ನನ್ನ ಕೆಲಸವಾಯಿತು. ಹಲ್ಲಿಯ ಮೇಲಿದ್ದ ಗಾಜಿನ ಕಣ್ಣುಗಳು ಬರೀ ತೋರಿಕೆಗೆ. ಅವನು ನೋಡುತ್ತಿದ್ದದ್ದು ಗಂಟಲಿನ ಹತ್ತಿರದ ಒಂದು ಸೀಳಿನಿಂದ. ಎಲ್ಲರೂ ಆ ಗಾಜಿನ ಕಣ್ಣು ನೋಡಿಕೊಂಡೇ ಅವನನ್ನು ಮಾತಾಡಿಸುತ್ತಿದ್ದರು. ಗಂಟಲು ನೋಡಿ ಮಾತಾಡಿಸಿದವಳು ವೇಲಿಯಾ ಒಬ್ಬಳೇ.

ವೇಲಿಯಾ ಫ್ರೊಸಿನೋನೆ ಕಡೆಯ ಹುಡುಗಿ. ರಾಕ್ಷಸನಿಗೆ ಬಲಿ ಕೊಡಲು ಬಂಡೆಗೆ ಕಟ್ಟುವ ಕನ್ಯೆಯ ಪಾತ್ರ. ಚೆನ್ನಾಗಿ ಕಿರುಚುತ್ತಾಳೆ ಅಂತ ಆರಿಸಿದ್ದರಂತೆ, ಹುಚ್ಚರು! ನಮ್ಮ ಸಿನಿಮಾಗಳಲ್ಲಿ ಸೆಟ್ಟಿನಲ್ಲಿ ಯಾರ ದನಿಯನ್ನೂ ಹಿಡಿಯುತ್ತಲೇ ಇರಲಿಲ್ಲ. ಕ್ಯಾಮೆರಾ ಓಡುತ್ತಿದ್ದರೂ ಬಡಗಿ ಮೊಳೆ ಹೊಡೆಯುತ್ತಿದ್ದ, ಹೊಗೆ ಬಿಡುವ ಫ್ಯಾನು ಗುಂಯ್‌ಗುಡುತ್ತಿತ್ತು, ಪಲ್ಲೊತ್ತಾ ಗಂಟಲು ಹರಿಯುವಂತೆ ಅರಚುತ್ತಿದ್ದ. ಮಾತುಗಳನ್ನೆಲ್ಲ ಆಮೇಲೆ ಬೇರೆಯವರು ಕೋಣೆಯಲ್ಲಿ ನಿಂತು ತುಂಬುತ್ತಿದ್ದರು. ಅಮೆರಿಕದ ವೀರ ಇಂಗ್ಲಿಷಿನಲ್ಲಿ ಏನೋ ಒದರುತ್ತಿದ್ದ, ರಾಜ ಫ್ರೆಂಚಿನಲ್ಲಿ ಉತ್ತರ ಕೊಡುತ್ತಿದ್ದ. ಮಾತು ಬಾಯಿಪಾಠ ಬಾರದವರು ತುಟಿ ಆಡಲಿ ಅಂತ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು. ವೇಲಿಯಾ ಕೂಡ ಹಾಗೇ. ಕಣ್ಣಲ್ಲಿ ನೀರು ತುಂಬಿಕೊಂಡು, ಆಕಾಶ ನೋಡುತ್ತ, ಇಪ್ಪತ್ತೊಂದು, ಇಪ್ಪತ್ತೆರಡು.

ಯಾರಿಗೂ ಕೇಳದ ಆ ಗದ್ದಲದಲ್ಲಿ, ರಬ್ಬರಿನ ಒಳಗೆ, ನಮ್ಮ ನಜ್ಜರೇನೊಗೆ ಬಾಯಿ ಬಂತು. ಅವಳ ಮೇಲೆ ಬಗ್ಗಿ ಉಗುರು ಆಡಿಸುವಾಗೆಲ್ಲ ಅವಳಿಗೆ ಏನಾದರೂ ಹೇಳುತ್ತಿದ್ದ. ಬೆನ್ನ ಹೊಲಿಗೆ ಬಿಟ್ಟರೆ ಸರಿಮಾಡಲು ಬಾಲದ ಹಿಂದೆ ಅಡಗಿ ಕೂರುತ್ತಿದ್ದ ನನಗೆ ಆ ಗುನುಗು ಕೇಳುತ್ತಿತ್ತು. ಅವನ ಅಮ್ಮ ಸೌಟು ಹಿಡಿದು ಬಾಡಿಗೆ ವಸೂಲಿಗೆ ಬಂದವನನ್ನು ಬೀದಿ ತುಂಬ ಓಡಿಸಿದ ಕತೆ, ಯುದ್ಧದಲ್ಲಿ ಬಚ್ಚಿಟ್ಟ ಹಂದಿಯ ಕತೆ, ನದಿಯ ಕತೆ. ಊಟದ ಹೊತ್ತಿಗೆ ಹೊಲಿಗೆ ಬಿಚ್ಚಲು ಸಮಯವಿರುತ್ತಿರಲಿಲ್ಲ. ವೇಲಿಯಾ ಕಿತ್ತಳೆ ಸುಲಿದು, ಒಂದೊಂದೇ ತೊಳೆಯನ್ನು ಆ ಗಂಟಲ ಸೀಳಿನಲ್ಲಿ ತೂರಿಸುತ್ತಿದ್ದಳು. ಆಗ ಗದ್ದಲ ಇರುತ್ತಿರಲಿಲ್ಲ, ಅದಕ್ಕೇ ಅವನೂ ತುಟಿ ಬಿಚ್ಚುತ್ತಿರಲಿಲ್ಲ.

"ಅವಳಿಗೆ ನಿನ್ನ ಮೇಲೆ ಮನಸ್ಸಿದೆ ಕಣೋ," ಎಂದೆ.

"ಸುಮ್ನಿರು. ಅವಳು ಬೆಕ್ಕಿಗೂ ಹಾಗೇ ತಿನ್ನಿಸ್ತಾಳೆ."

ಕೊನೆಯ ದಿನ ಊರಾಚೆಯ ಕಲ್ಲುಗಣಿಯಲ್ಲಿ ಚಿತ್ರೀಕರಣ. ಬೆಳಕು ಇಳಿಯುತ್ತಿತ್ತು. ಬಲಿಯ ದೃಶ್ಯ. ನಜ್ಜರೇನೊ ಅವಳ ಮೇಲೆ ಬಗ್ಗಿದ. ಅವಳು ಗಂಟಲ ಸೀಳನ್ನೇ ನೇರವಾಗಿ ನೋಡುತ್ತ ಏನೋ ಹೇಳಿದಳು. ಫ್ಯಾನಿನ ಸದ್ದಿನಲ್ಲಿ ನನಗೂ ಕೇಳಲಿಲ್ಲ, ಅವನಿಗೂ ಕೇಳಲಿಲ್ಲ. ಅದರ ಮೇಲೆ ಪಲ್ಲೊತ್ತಾ ಬೇರೆ: "ಲೋ ಹಲ್ಲಿ, ಗೊಣ್ಣೆ ಸುರಿಸ್ಕೊಂಡು ನಿಂತ್ಯಲ್ಲೋ! ಗೋಣಾಡ್ಸು! ಊಟ ಸಿಕ್ಕಿದೆ ನಿಂಗೆ, ಖುಷಿಯಾಗಿ ಗೋಣಾಡ್ಸು!" ಅವನು ಆಡಿಸಿದ. ಕಟ್ ಆಯಿತು. ನಾನು ಹೊಲಿಗೆ ಬಿಚ್ಚಿ ಅವನನ್ನು ಹೊರಗೆಳೆಯುವಷ್ಟರಲ್ಲಿ ನಟಿಯರನ್ನು ತುಂಬಿಕೊಂಡ ಲಾರಿ ಹೋಗಿಬಿಟ್ಟಿತ್ತು. ಮಾರನೆಯ ದಿನ ವೇಲಿಯಾ ಟ್ಯೂರಿನ್‌ನ ಅಕ್ಕನ ಮನೆಗೆ ಹೊರಟುಹೋದಳು. ವಿಳಾಸ ಯಾರ ಹತ್ತಿರವೂ ಇರಲಿಲ್ಲ. ವರ್ಷ ತಿರುಗುವುದರೊಳಗೆ ಅಲ್ಲಿ ಟ್ರಾಮ್ ಓಡಿಸುವವನನ್ನು ಮದುವೆಯಾದಳೆಂದು ಸುದ್ದಿ ಬಂತು.

ನಜ್ಜರೇನೊ ಅಳಲಿಲ್ಲ, ಕುಡಿಯಲಿಲ್ಲ. ಒಂದೇ ಹಟ ಹಿಡಿದ. "ಅವಳು ಅವತ್ತು ಎಣಿಸ್ತಿರ್ಲಿಲ್ಲ ಸೆತ್ತಿಮಿಯಾ. ನಂಗೆ ಏನೋ ಹೇಳಿದ್ಲು. ಅವಳು ಬೇರೆಯವನ ಹೆಂಡ್ತಿ, ಸರಿ, ಚೆನ್ನಾಗಿರ್ಲಿ. ಹೇಳಿದ್ದೇನು ಅಂತ ಗೊತ್ತಾದ್ರೆ ಸಾಕು."

ಸಿನಿಮಾ ಬಿಡುಗಡೆಯಾಯಿತು. ಆ ದೃಶ್ಯದಲ್ಲಿ ಅವಳ ಮುಖ ಪರದೆ ತುಂಬ ಬರುತ್ತದೆ. ತುಟಿ ಆಡುತ್ತದೆ. ಆದರೆ ಯಾವಳೋ ಗಟ್ಟಿ ಗಂಟಲಿನವಳು "ಓ ದೇವತೆಗಳೇ, ಈ ಅನಾಥೆಯನ್ನು ಕಾಪಾಡಿರಿ!" ಎಂದು ಹಾಡುತ್ತಾಳೆ. ಅವನು ಆ ಸಿನಿಮಾದ ಹಿಂದೆ ಬಿದ್ದ. ಊರ ನಡುವಿನ ದೊಡ್ಡ ಟಾಕೀಸಿನಿಂದ ಸಣ್ಣದಕ್ಕೆ, ಅಲ್ಲಿಂದ ಬೇಸಿಗೆಯ ಬಯಲು ಟಾಕೀಸಿಗೆ, ಅಲ್ಲಿಂದ ಹೊರವಲಯದ ತಗಡಿನ ಕೊಟ್ಟಿಗೆಗೆ. ರೀಲು ಗೀರುಗೀರಾಗಿ ಅವಳ ಮುಖದ ಮೇಲೆ ಮಳೆ ಸುರಿಯುವಂತೆ ಕಾಣತೊಡಗಿತ್ತು. ಪ್ರತಿ ಸಲವೂ ಇನ್ನೊಂದು ಸಾಲು ಮುಂದೆ ಕೂರುತ್ತಿದ್ದ. ಹತ್ತಿರ ಕೂತರೆ ಕೇಳಿಸೀತು ಎಂಬ ಹಾಗೆ.

ಕೊನೆಗೆ ನನಗೇ ಹೊಳೆಯಿತು. ಡಬ್ಬಿಂಗ್ ಕೋಣೆಯಲ್ಲಿ ಎಜಿಸ್ತೊ ಅಂತ ಒಬ್ಬ ಮುದುಕನಿದ್ದ. ನಟರ ತುಟಿ ನೋಡಿ, ಆ ತುಟಿಗೆ ಹೊಂದುವ ಮಾತು ಬರೆಯುವುದೇ ಅವನ ಕಸುಬು. ಮೂವತ್ತೊಂದು ಅಂದ ಬಾಯಿಗೆ "ಪ್ರಾಣೇಶ್ವರ" ಎಂದು ತೊಡಿಸುತ್ತಿದ್ದವನು ಅವನೇ. ಅವನನ್ನು ಒಂದು ಭಾನುವಾರ ಊಟಕ್ಕೆ ಕರೆದೆ. ಎತ್ತಿನ ಬಾಲವನ್ನು ನಜ್ಜರೇನೊನೇ ತಂದಿದ್ದ, ಟೊಮೇಟೊ ಹಾಕಿ ಮೂಳೆ ಬಿಡುವವರೆಗೆ ಬೇಯಿಸಿದ್ದೆ. ಎಜಿಸ್ತೊ ಬೆರಳು ನೆಕ್ಕುತ್ತ ಕೇಳಿಸಿಕೊಂಡ.

"ಆ ಹುಡುಗೀನಾ? ಅಯ್ಯೋ, ನನ್ನ ಜೀವ ತಿಂದ್ಬಿಟ್ಳು. ಮೊದಮೊದಲು ಚೆನ್ನಾಗಿ ಎಣಿಸ್ತಿದ್ಲು. ಆಮೇಲೆ ಏನೇನೋ ಶುರು ಮಾಡಿದ್ಲು, ಯಾವ ಮಾತೂ ಕೂರ್ತಿರ್ಲಿಲ್ಲ."

"ಏನು? ಏನು ಹೇಳ್ತಿದ್ಲು?" ನಜ್ಜರೇನೊ ಎದ್ದೇ ನಿಂತ.

"ನೆನಪಿರತ್ತೇನಯ್ಯಾ? ವಾರಕ್ಕೊಂದು ಸಿನಿಮಾ ನಂಗೆ. ನೋಡಿದ್ರೆ ಹೇಳ್ತೀನಿ."

ಅಂದು ನಮ್ಮ ಪಾದ್ರಿಗಳ ಸಭಾಂಗಣದಲ್ಲೇ ಆ ಸಿನಿಮಾ ಇತ್ತು. ಮೂವರೂ ಹೋದೆವು. ಎಜಿಸ್ತೊನನ್ನು ನಡುವೆ ಕೂರಿಸಿಕೊಂಡೆವು. ಸಭಾಂಗಣದ ತುಂಬ ಜನ, ಕುಂಬಳಬೀಜ ಬಿಡಿಸುವ ಸದ್ದು, ಬಂಡೆ ಪುಟಿದಾಗ ಕೇಕೆ.

ಅವಳು ಮೊದಲ ಸಲ ಪರದೆಯ ಮೇಲೆ ಬಂದಳು. "ಎಂಟು, ಒಂಬತ್ತು, ಹತ್ತು," ಎಂದ ಎಜಿಸ್ತೊ, ಪಿಸುದನಿಯಲ್ಲಿ. ನಜ್ಜರೇನೊ ತಲೆ ತಗ್ಗಿಸಿದ.

ಗುಹೆಯ ದೃಶ್ಯ ಬಂತು. ಗಟ್ಟಿ ಗಂಟಲಿನವಳು "ಓ ಕ್ರೂರ ವಿಧಿಯೇ!" ಎಂದು ಕೂಗಿದಳು. ಎಜಿಸ್ತೊ ಕಣ್ಣು ಕಿರಿದು ಮಾಡಿದ. "ತಡಿ. 'ಆಮೇಲೆ? ನಿಮ್ಮಮ್ಮ ಏನ್ ಮಾಡಿದ್ರು?' ಹೌದು, ಹಾಗೇ ಅಂತಿದಾಳೆ."

ನಜ್ಜರೇನೊ ಅವನ ತೋಳನ್ನು ಹಿಡಿದುಕೊಂಡ. "ಇನ್ನೊಂದ್ಸಲ ಹೇಳಿ."

"ಕೈ ಬಿಡಯ್ಯಾ, ಮುರಿಯತ್ತೆ! ನೋಡು ಇಲ್ಲಿ. 'ನಗಿಸ್ಬೇಡ, ಡೈರೆಕ್ಟರ್ ಬೈತಾನೆ.' ಈಗ... 'ಪಾಪದ ಹಂದಿ.' ಹಂದಿನಾ? ಹೂಂ, ಹಂದಿ."

ಅವಳಿಗೆ ಕೇಳುತ್ತಿತ್ತು! ಎಲ್ಲವೂ ಕೇಳುತ್ತಿತ್ತು! ರಬ್ಬರಿನೊಳಗಿಂದ ಬಂದ ಒಂದೊಂದು ಮಾತಿಗೂ ಅವಳು ಉತ್ತರ ಕೊಡುತ್ತಿದ್ದಳು, ಇವನು ಎಣಿಸುತ್ತಿದ್ದಾಳೆ ಅಂದುಕೊಂಡಿದ್ದ. ಕಿವಿಯ ಸುತ್ತ ಅಷ್ಟು ಸ್ಪಂಜು ತುಂಬಿದ್ದವಳು ನಾನೇ, ಅವನ ತಲೆಗೆ ಪೆಟ್ಟಾಗದಿರಲೆಂದು. ನನಗೆ ಅಳು ತಡೆಯಲಾಗಲಿಲ್ಲ, ಶಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡೆ.

ಬಲಿಯ ದೃಶ್ಯ. ಹೊಗೆ. ಹಲ್ಲಿ ಬಗ್ಗಿತು. ಗೀರುಗಳ ನಡುವೆ ಅವಳ ಮುಖ ತುಂಬಿಕೊಂಡಿತು, ತುಟಿ ಆಡಿತು. "ಓ ದೇವತೆಗಳೇ..."

ಎಜಿಸ್ತೊ ಮುಂದಕ್ಕೆ ಬಾಗಿ ನೋಡಿದ. ಆಮೇಲೆ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದ. "'ನಾಳೆ ಬೆಳಿಗ್ಗೆ ನಾನು ಟ್ಯೂರಿನ್‌ಗೆ ಹೋಗ್ತಿದೀನಿ. ನನ್ನ ಜೊತೆ ಬರ್ತೀಯಾ? ಸ್ಟೇಷನ್ನಲ್ಲಿ ಕಾಯ್ತೀನಿ. ಬರೋದಾದ್ರೆ ಗೋಣಾಡ್ಸು.'"

ಪರದೆಯ ಮೇಲೆ ಆ ದೊಡ್ಡ ಹಸಿರು ತಲೆ ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿತು. ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು.

ನಜ್ಜರೇನೊ ನನ್ನ ಕಡೆ ತಿರುಗಿದ. "ಅವಳು ಕಾದಿರ್ತಾಳಾ, ಸೆತ್ತಿಮಿಯಾ?"

ಆ ದಿನ ಮೇಕಪ್ಪಿನ ಕ್ಲೋರಿಂದಾ ಅವಳನ್ನು ಬೀಳ್ಕೊಡಲು ಸ್ಟೇಷನ್ನಿಗೆ ಹೋಗಿದ್ದಳು. ವೇಲಿಯಾ ಬೆಳಗಿನ ಗಾಡಿಯನ್ನು ಸುಮ್ಮನೆ ಬಿಟ್ಟಳಂತೆ, ಯಾಕೆ ಅಂದರೆ ರಶ್ಶು ಅಂದಳಂತೆ. ಮಧ್ಯಾಹ್ನದ್ದನ್ನೂ ಬಿಟ್ಟಳಂತೆ. ಹುಚ್ಚು ಹುಡುಗಿ ಅಂತ ನಾವು ಆಗ ಆಡಿಕೊಂಡಿದ್ದೆವು. ಅವನಿಗೆ ಸುಳ್ಳು ಹೇಳಲು ನನಗೆ ನಾಲಿಗೆ ಬರಲಿಲ್ಲ.

"ಕಾದಿದ್ಲು ಕಣೋ. ಸಂಜೆವರೆಗೂ."

ಅವನು ಹೂಂ ಎಂದ. ದೊಡ್ಡ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಹಾಗೇ ಕೂತ. ದೀಪ ಹತ್ತಿತು, ಜನ ಎದ್ದರು, ಎಜಿಸ್ತೊ ಟೋಪಿ ತೆಗೆದು ಅವನ ಹೆಗಲು ಮುಟ್ಟಿ ಹೊರಟುಹೋದ. ಒಮ್ಮೆ ಟಿಕೆಟ್ ಕೊಂಡರೆ ಎಷ್ಟು ಆಟ ಬೇಕಾದರೂ ನೋಡಬಹುದಿತ್ತು. ನಜ್ಜರೇನೊ ಏಳಲಿಲ್ಲ, ಅವನನ್ನು ಬಿಟ್ಟು ನಾನೂ ಏಳಲಿಲ್ಲ. ಮತ್ತೆ ಕತ್ತಲಾಯಿತು, ಮತ್ತೆ ಬಂಡೆ ಪುಟಿಯಿತು. ಮತ್ತೆ ಅವಳ ಮುಖ ಬಂತು, ತುಟಿ ಆಡಿತು.

ಅವನು ಎದ್ದು ನಿಂತ. ಇಡೀ ಸಭಾಂಗಣಕ್ಕೆ ಕೇಳುವಂತೆ ಹೇಳಿದ. "ಬರ್ತೀನಿ, ವೇಲಿಯಾ. ಬರ್ತೀನಿ ಕಣೇ."

"ಏಯ್, ಕೂತ್ಕೊಳೋ ಗುಡ್ಡ! ನಮಗೇನೂ ಕಾಣಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದರು. ಅವಳ ಮುಖ ಪರದೆಯಿಂದ ಹೋಗುವವರೆಗೂ ಅವನು ಕೂರಲಿಲ್ಲ.