ಮುದ್ದೆ ಆರುವ ಮೊದಲು

ಭಾನುವಾರ ಟ್ರೇಲ್ ರನ್ ಮುಗಿಸಿ ಬಂದ ಮೊಮ್ಮಗಳು ಕೊರಳಲ್ಲಿದ್ದ ಬೆವರಿನ ಟವೆಲನ್ನು ಹುರಿಮಾಡಿ, ಸುತ್ತಿ, ಡೈನಿಂಗ್ ಟೇಬಲ್ ಮೇಲಿಟ್ಟಳು. ಗುಂಡಗೆ, ನಡುವೆ ತೂತು. ಥೇಟ್ ಸಿಂಬೆ. ಹೆಂಗಸರು ತಲೆಯ ಮೇಲಿನ ಕುಕ್ಕೆ ಅಲುಗದಂತೆ ಕೆಳಗೆ ಇಟ್ಟುಕೊಳ್ಳುತ್ತಿದ್ದ ಬಟ್ಟೆಯ ಸುರುಳಿ... ಕಾಫಿ ಲೋಟ ಹಿಡಿದವಳು ಹಾಗೇ ಕೂತುಬಿಟ್ಟೆ.

ಅವಳು ಓಡಿದ್ದು ನರಸೀಪುರದ ಕಡೆಯ ನಾಲೆ ಏರಿಯ ಮೇಲೆ. ಐದು, ಹತ್ತು, ಇಪ್ಪತ್ತೊಂದು ಕಿಲೋಮೀಟರ್, ಯಾರ ಕೈಲಿ ಎಷ್ಟಾಗುತ್ತೋ ಅಷ್ಟು. ನಂಜನಗೂಡಿನಿಂದ ನಾನೂ ಜೊತೆಗೆ ಹೋಗಿ ಫಿನಿಷ್ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ. ಮದುವೆಯಾಗಿ ಮೊದಲು ಸಂಸಾರ ಹೂಡಿದ್ದು ಅದೇ ಏರಿಯ ಪಕ್ಕದ ಊರಲ್ಲಿ. ಮೈಸೂರಿನ ಕಾನ್ವೆಂಟಿನಿಂದ ಬಂದವಳೆಂದು ಊರವರು ನನ್ನನ್ನು ಮಿಸ್ಸು ಅನ್ನುತ್ತಿದ್ದರು. ಆ ಹೆಸರಿಟ್ಟವಳು ಪಕ್ಕದ ಮನೆಯ ಅಕ್ಕ.

ಗದ್ದೆಯಲ್ಲಿದ್ದ ಗಂಡನಿಗೆ ಬುತ್ತಿ ಒಯ್ಯುವುದು ಅಕ್ಕನ ಕೆಲಸ. ಉಳಿದ ಹೆಂಗಸರು ನಡೆದು ಹೋಗುತ್ತಿದ್ದರು, ಅಕ್ಕ ಓಡುತ್ತಿದ್ದಳು. ಒಂದು ಕೈ ಕುಕ್ಕೆಗೆ, ಇನ್ನೊಂದರಲ್ಲಿ ಎತ್ತಿ ಹಿಡಿದ ಸೀರೆಯ ನೆರಿಗೆ, ಬರಿಗಾಲು. What a stride! ನಮ್ಮ ಸ್ಕೂಲಿನ ಸ್ಪೋರ್ಟ್ಸ್ ಡೇಯಲ್ಲೂ ನಾನು ಅಂಥ ಓಟ ನೋಡಿರಲಿಲ್ಲ.

"ಮುದ್ದೆ ಆರೋಗದ್ರೊಳ್ಗೆ ತಲುಪುಸ್ತಾಳೆ ಕಣವ್ವ ನನ್ ಸೊಸೆ" ಎಂದು ಅವಳ ಅತ್ತೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಒಂದು ದಿನ ಅಕ್ಕ ಜಗುಲಿಗೆ ಬಂದು ಮೆಲ್ಲಗೆ ಕೇಳಿದಳು. "ಮಿಸ್ಸೇ, ನಿಮ್ ಇಂಗ್ಲೀಸ್ನೋರಲ್ಲಿ ಎಂಗಸ್ರು ಸುಮ್ಸುಮ್ನೆ ಓಡ್ತಾರಾ? ಏನೂ ಒತ್ಕೊಳ್ದೆ?"

"ಓಡ್ತಾರೆ ಅಕ್ಕ. ಜಾಗಿಂಗ್ ಅಂತಾರೆ."

"ಅಯ್ ಸಿವ್ನೇ, ಅದ್ಕೊಂದು ಎಸ್ರು ಬ್ಯಾರೆ ಮಡ್ಗವ್ರಾ!" ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಮೇಲೆ ಬಹಳ ಹೊತ್ತು ಏರಿಯ ಕಡೆಗೇ ನೋಡುತ್ತಿದ್ದಳು...

ಆ ಬೇಸಿಗೆ ಅವಳ ಗಂಡ ಮೊಪೆಡ್ ತಂದರು. ಹೆಂಡತಿ ಬಿಸಿಲಲ್ಲಿ ಓಡುವುದನ್ನು ನೋಡಲಾರದೆ, ಪ್ರೀತಿಯಿಂದಲೇ ತಂದದ್ದು. ಮಧ್ಯಾಹ್ನ ಊಟಕ್ಕೆ ಮನೆಗೇ ಬರತೊಡಗಿದರು. ಕುಕ್ಕೆ ಅಟ್ಟ ಸೇರಿತು. "ಇನ್ನಾರಾ ಸುಖ್ವಾಗಿರ್ಲಿ" ಅಂದರು ಅತ್ತೆ. ಓಡಬೇಕು ಅನ್ನಿಸುತ್ತದೆ ಎಂದು ಅಕ್ಕ ಯಾರ ಹತ್ತಿರ ಹೇಳಿಯಾಳು? ನಾನು ಮಾತಾಡಿ ನೋಡಲಾ ಅಂದೆ.

"ಬ್ಯಾಡಿ ಮಿಸ್ಸೇ. ಆಸೆಪಟ್ಟು ತಂದವ್ರೆ. ಬ್ಯಾಡ ಅನ್ನಕ್ಕೆ ಬಾಯಿ ಬರಾಕಿಲ್ಲ."

ಅದಾದ ಮೇಲೆ ಅವರ ಮನೆಯ ಕರು ಪದೇ ಪದೇ ತಪ್ಪಿಸಿಕೊಳ್ಳತೊಡಗಿತು. ಸಂಜೆಯಾದರೆ ಸಾಕು, ಕರು ಏರಿಯ ಮೇಲೆ, ಹಿಂದೆ ಅಕ್ಕ. ಕೂದಲು ಬಿಚ್ಚಿ, ಮುಖ ಕೆಂಪಾಗಿ, ನಗುತ್ತಾ ಬರುತ್ತಿದ್ದಳು. ಹಗ್ಗ ಬಿಚ್ಚುತ್ತಿದ್ದವರು ಯಾರೆಂದು ನಾನು ಕೇಳಲಿಲ್ಲ. She knew that I knew.

ಕೊನೆಗೆ ಅತ್ತೆಯೇ ಸಂಕಟಪಟ್ಟರು. "ಈ ಹಾಳ್ ಕರ ನನ್ ಸೊಸೆನ ಓಡ್ಸಿ ಓಡ್ಸಿ ಸಾಯಿಸ್ಬುಡ್ತದೆ." ಮುಂದಿನ ಸಂತೆಗೆ ಕರುವನ್ನು ಹೊಡೆದುಕೊಂಡು ಹೋಗಿ ಮಾರಿಬಿಟ್ಟರು. ಅಕ್ಕ ಏರಿ ಹತ್ತಿದ್ದನ್ನು ಆಮೇಲೆ ನಾನು ನೋಡಲಿಲ್ಲ. ಮಂಡಿನೋವು, ಮೈಭಾರ... ನಾವು ನಂಜನಗೂಡಿಗೆ ಬಂದ ಮೇಲೆ ಅಕ್ಕ ತೀರಿಹೋದಳೆಂದು ಯಾರೋ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು ಹೇಳಿದರು.

ಇವತ್ತು ಆ ಏರಿಯ ಮೇಲೆ ಎಷ್ಟೊಂದು ಹೆಣ್ಣುಮಕ್ಕಳು! ಎರಡೂ ಕೈ ಖಾಲಿ. ಎಲ್ಲಿಗೆ, ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಬದಿಗೆ ನಿಂತ ಊರ ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು. ಆ ಗುಂಪಿನಲ್ಲಿ ಅಕ್ಕನ ವಯಸ್ಸಿನವರನ್ನು ಹುಡುಕಿದೆ. ನನ್ನಷ್ಟು ಮುದುಕಿ ಕೂಡ ಯಾರೂ ಇರಲಿಲ್ಲ.

"ಏನಜ್ಜಿ ಹಂಗೆ ನೋಡ್ತಿದ್ದೀಯಾ, ವಾಸ್ನೇನಾ? ಸಾರಿ ಸಾರಿ" ಅಂದಳು ಮೊಮ್ಮಗಳು. ಇರಲಿ ಬಿಡೇ ಅನ್ನುವಷ್ಟರಲ್ಲಿ ಟವೆಲ್ ಎತ್ತಿ ಒಮ್ಮೆ ಕೊಡವಿದಳು. ಸಿಂಬೆ ಬಿಚ್ಚಿಕೊಂಡಿತು. ಹಿತ್ತಲಿಗೆ ಹೋಗಿ ಹಗ್ಗದ ಮೇಲೆ ಹರವಿ ಬಂದಳು.